ಯುಗಾದಿಯವರೆಗೆ ಸಾಕಿದ ಹಾವು

ಬೋರೇಗೌಡ ಹಾವು ಕೊಂಡದ್ದು ಸಾಕುವ ಆಸೆಯಿಂದಲ್ಲ. ಅದನ್ನು ಒಂದು ದಿನ ಡಾಕ್ಟರ್ ಸತ್ಯಪ್ರಕಾಶರ ತೊಡೆಯ ಮೇಲೆ ಇಡಬೇಕೆಂದು.

ಅವನು ಮಳವಳ್ಳಿ ಕಡೆಯವನು. ಅಮೆರಿಕದ ಡರ್ಹಮ್‌ಗೆ ಬಂದು ಏಳು ವರ್ಷವಾಗಿತ್ತು. ತಂಬಾಕಿನ ಗಿಡಕ್ಕೆ ಬರುವ ರೋಗಗಳ ಮೇಲೆ ಸಂಶೋಧನೆ. ಬಂದ ಮೊದಲ ಬೇಸಿಗೆಯಲ್ಲಿ ಡಾಕ್ಟರ ಮನೆಯ ಹಿತ್ತಿಲಿಗೆ ಕನ್ನಡದವರೆಲ್ಲ ಊಟಕ್ಕೆ ಸೇರಿದ್ದರು. ಹುಲ್ಲಿನಲ್ಲಿ ಬಿದ್ದಿದ್ದ ಹಸಿರು ನೀರಿನ ಪೈಪು ಕಾಲಿಗೆ ತಣ್ಣಗೆ ತಾಕಿದ್ದೇ ತಡ, ಬೋರೇಗೌಡ ಕೂಗಿಕೊಂಡು ಮೇಜು ಹತ್ತಿದ. ಒಂದು ಕಾಲು ಮೊಸರನ್ನದ ಪಾತ್ರೆಯೊಳಗಿತ್ತು. ಎಲ್ಲರೂ ನಕ್ಕರು, ಅವನೂ ನಕ್ಕ. ಅಂದು ಸಂಜೆ ಮನೆಗೆ ಬಿಡಲು ಬಂದ ಡಾಕ್ಟರಿಗೆ ಕಾರಿನಲ್ಲಿ ಉಳಿದದ್ದನ್ನು ಹೇಳಿದ. ತನಗೆ ಒಂಬತ್ತು ವರ್ಷವಾಗಿದ್ದಾಗ, ಬೆಳಗ್ಗೆ ಗದ್ದೆಗೆ ನೀರು ಕಟ್ಟಲು ಹೋದ ಅಪ್ಪ ಬದುವಿನ ಮಡೆಯ ಬಾಯಿಗೆ ಕೈ ಹಾಕಿ ಹಾವು ಕಚ್ಚಿಸಿಕೊಂಡದ್ದು, ಗಾಡಿಯಲ್ಲಿ ಹುಲ್ಲು ಹಾಸಿ ಮಲಗಿಸಿಕೊಂಡು ಆಸ್ಪತ್ರೆಗೆ ಹೊರಟದ್ದು, ಅರ್ಧ ದಾರಿಯಲ್ಲೇ ಗಾಡಿ ತಿರುಗಿಸಿದ್ದು. ಡಾಕ್ಟರು ಕಾರು ನಿಲ್ಲಿಸಿ ಅವನ ಭುಜದ ಮೇಲೆ ಕೈಯಿಟ್ಟಿದ್ದರು.

ಆದರೆ ಜನ ಸೇರಿದಾಗ ಅವರು ಹೇಳುತ್ತಿದ್ದದ್ದು ಮೊದಲರ್ಧವನ್ನು ಮಾತ್ರ. ಹಬ್ಬಕ್ಕೊಮ್ಮೆ, ಎದ್ದು ನಿಂತು, ಅಭಿನಯ ಮಾಡಿ. ವರ್ಷದಿಂದ ವರ್ಷಕ್ಕೆ ಪೈಪು ಉದ್ದವಾಯಿತು, ಕೂಗು ಜೋರಾಯಿತು. ಬೋರೇಗೌಡ ಎಲೆಯ ಮುಂದೆ ತಲೆ ತಗ್ಗಿಸಿ ನಗುತ್ತಿದ್ದ. ಎಪ್ಪತ್ತೇಳರ ಸಂಕ್ರಾಂತಿಯಲ್ಲಿ ಅವನ ಎಂಟು ವರ್ಷದ ಮಗಳು ವಿಜಿ ನಕ್ಕೂ ನಕ್ಕೂ ಬಿಕ್ಕಳಿಕೆ ತರಿಸಿಕೊಂಡು ಕೇಳಿದಳು, “ಅಪ್ಪ, ಹೋಸ್‌ನ ಸ್ನೇಕ್ ಅಂದ್ಕೊಂಡ್ಯಾ? ರಿಯಲಿ?”

ಮುಂದಿನ ಹಬ್ಬ ಯುಗಾದಿ. ಸರದಿ ಬೋರೇಗೌಡನ ಮನೆಯದು.

ಮರು ಶನಿವಾರವೇ ಅವನು ಸಾಕುಪ್ರಾಣಿ ಅಂಗಡಿಗೆ ಹೋದ. ಆಫ್ರಿಕಾದಿಂದ ಬಂದ ಹೆಬ್ಬಾವಿನ ಮರಿ, ಬಾಲ್ ಪೈಥಾನ್ ಎಂದರು, ವಿಷವಿಲ್ಲ. ಮೊಳಕ್ಕಿಂತ ತುಸು ಉದ್ದ, ಕಂದು ಮೈಮೇಲೆ ಬೆಲ್ಲದ ಬಣ್ಣದ ಮಚ್ಚೆಗಳು. ಅಂಗಡಿಯ ಮುದುಕಿ ಅದನ್ನು ಹಳೆಯ ದಿಂಬಿನ ಚೀಲದೊಳಗೆ ಬಿಟ್ಟು ಬಾಯಿಗೆ ಗಂಟು ಹಾಕಿ ಕೊಟ್ಟಳು. ಚೀಲವನ್ನು ಕಾರಿನ ಹಿಂದಿನ ಸೀಟಿನಲ್ಲಿಟ್ಟ ಬೋರೇಗೌಡ ದಾರಿಯುದ್ದಕ್ಕೂ ಕನ್ನಡಿಯಲ್ಲಿ ಅದನ್ನೇ ನೋಡುತ್ತಿದ್ದ. ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು.

ಹೆಂಡತಿ ಜಯಾ ಬಾಗಿಲಲ್ಲೇ ನಿಂತಳು. “ನಾಗಪ್ಪನ್ನ ಚೀಲದಲ್ಲಿ ತುಂಬ್ಕಂಡು ಬರ್ತಾರಾ? ನಿಮ್ಮಪ್ಪಂಗೆ ಆಗಿದ್ದು ಸಾಲ್ದಾ?”

“ಅದಕ್ಕೇ ತಂದಿರೋದು.”

ಮರಿಯನ್ನು ಬಿಟ್ಟ ಗಾಜಿನ ತೊಟ್ಟಿಯೊಳಗೆ ಅವಳು ಒಂದು ಬಟ್ಟಲು ಹಾಲಿಟ್ಟು ಕೈಮುಗಿದಳು. ಬೋರೇಗೌಡನೂ ಬೇಡವೆನ್ನಲಿಲ್ಲ. ಅವನ ಅವ್ವ ಗಂಡ ಸತ್ತ ಮೇಲೂ ಪ್ರತಿ ಪಂಚಮಿಗೆ ಹುತ್ತಕ್ಕೆ ತನಿ ಎರೆದವಳು. ಹಾವು ಹಾಲು ಕುಡಿಯುತ್ತದೋ ಇಲ್ಲವೋ ಎಂದು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ದಿನಾ ಸಂಜೆ ಅವನು ಚರ್ಮದ ಕೈಗವಸು ಹಾಕಿಕೊಂಡು ಮರಿಯನ್ನು ಎತ್ತುತ್ತಿದ್ದ. ರೂಢಿಯಾಗಬೇಕಲ್ಲ, ತನಗೂ ಅದಕ್ಕೂ. ಮುಟ್ಟಿದ ಕೂಡಲೇ ಅದು ತಲೆಯನ್ನು ನಡುವೆ ಹುದುಗಿಸಿ, ನಿಂಬೆಹಣ್ಣಿನಂತೆ ಉಂಡೆಯಾಗುತ್ತಿತ್ತು. ಕಚ್ಚಲಿಲ್ಲ, ಬುಸುಗುಟ್ಟಲಿಲ್ಲ. ಎರಡನೆಯ ವಾರ ಕೈಗವಸು ಬಿಟ್ಟ. ಬರಿ ಅಂಗೈಯಲ್ಲಿ ಆ ಉಂಡೆ ಸಣ್ಣಗೆ ನಡುಗುವುದು ತಿಳಿಯಿತು. ಥೂ, ನನಗಿಂತ ಪುಕ್ಕಲು, ಎಂದುಕೊಂಡ. ಆದರೂ ತೊಡೆಯ ಮೇಲೆ ಇಟ್ಟಾಗ ಡಾಕ್ಟರ ಮುಖ ಹೇಗಾದೀತೆಂದು ನೆನೆದು ದಿನಾ ಒಂದು ಗಳಿಗೆ ಹೆಚ್ಚಾಗಿಯೇ ಹಿಡಿದು ಕೂರುತ್ತಿದ್ದ.

ಅಂಗಡಿಯಿಂದ ತಂದು ಹಾಕಿದ ಇಲಿಯನ್ನು ಮರಿ ಮುಟ್ಟಲಿಲ್ಲ. ಹಾಲು ಚೆಲ್ಲಿ ಹಾಸಿದ ಕಾಗದ ಹುಳಿ ವಾಸನೆ ಹೊಡೆಯಿತು. ನಾಲ್ಕು ವಾರವಾಯಿತು. ಬೆನ್ನುಮೂಳೆ ಚರ್ಮದಡಿ ಹುರಿಯಂತೆ ಎದ್ದು ಕಂಡಾಗ ಅಂಗಡಿಗೆ ಓಡಿದ.

ಮುದುಕಿ ಕೇಳಿದಳು, “ಹಾಲು ಕೊಟ್ಟೆಯಾ? ಹಾವಿಗೆ?”

“ನಮ್ಮ ಕಡೆ ಕೊಡ್ತಾರೆ.”

“ನಿಮ್ಮ ಕಡೆ ಹಾವುಗಳು ಬಹಳ ಸೈರಣೆಯವು. ಹಾಲು ತೆಗಿ, ನೀರಿಡು. ಅದಕ್ಕೆ ನಿನ್ನ ಕೈ ಬೇಡ, ಕತ್ತಲು ಬೇಕು, ಬಿಸಿ ಬೇಕು. ಇಲಿ ತಿಂದ ಮೇಲೆ ಎರಡು ದಿನ ಮುಟ್ಟಲೇಬೇಡ. ಮುಟ್ಟಿದರೆ ಕಕ್ಕುತ್ತದೆ. ಇಷ್ಟು ಬಡಕಲಾಗಿರುವುದು ಒಮ್ಮೆ ಕಕ್ಕಿದರೆ ಉಳಿಯುವುದು ಕಷ್ಟ.”

ಬಿಸಿ ಎಂದರೆ ಬೋರೇಗೌಡನಿಗೆ ಗೊತ್ತಿದ್ದ ಕೆಲಸ. ಸಸಿಮಡಿಯ ಕೆಳಗೆ ಹಾಸುವಂಥ ಕರೆಂಟಿನ ಬಿಸಿಚಾಪೆಯೊಂದನ್ನು ಕೊಂಡು ತಂದು ತೊಟ್ಟಿಯ ಅರ್ಧಕ್ಕೆ ಹಾಸಿದ. ಮಣ್ಣಿನ ಶಾಖ ನೋಡುವ ಕಡ್ಡಿಯನ್ನು ಮೂಲೆಗೆ ಕಟ್ಟಿದ. ಅಂಚು ಒಡೆದ ಹೂಕುಂಡವನ್ನು ಬೋರಲು ಹಾಕಿದ. ಮರಿ ಅದರೊಳಗೆ ನುಸುಳಿದ್ದು ನಾಲ್ಕು ದಿನ ಹೊರಗೆ ಬರಲಿಲ್ಲ. ಬೋರೇಗೌಡ ಮುಟ್ಟದೆ ಕೈ ತಡೆದುಕೊಂಡಿದ್ದ. ಪ್ರತಿ ಶುಕ್ರವಾರ ಅಂಗಡಿಯಲ್ಲಿ ಕೊಂದು ಕೊಟ್ಟ ಇಲಿಮರಿಯೊಂದನ್ನು ಕುಂಡದ ಬಾಯಿಗಿಟ್ಟು, ಪ್ರತಿ ಶನಿವಾರ ಅದನ್ನು ಹಿತ್ತಿಲಿನಲ್ಲಿ ಹೂಳುತ್ತಿದ್ದ.

“ಸತ್ತೋದ್ರೆ ದೋಷ ಯಾರಿಗೆ?” ಎಂದಳು ಜಯಾ.

“ಡಾಕ್ಟ್ರಿಗೆ.”

ಯುಗಾದಿ ಊಟ ಶನಿವಾರ ಮಧ್ಯಾಹ್ನಕ್ಕಿತ್ತು. ಹಿಂದಿನ ಸಂಜೆ ಇಲಿಯಿಟ್ಟು ಕೈತೊಳೆಯಲು ಹೋಗಿದ್ದ. ವಿಜಿ ಓಡಿಬಂದು ಪಿಸುಗುಟ್ಟಿದಳು, “ಅಪ್ಪ, ಇಟ್ಸ್ ಈಟಿಂಗ್. ಬೇಗ ಬಾ, ಮಾತಾಡ್ಬೇಡ.”

ಇಬ್ಬರೂ ಮಂಡಿಯೂರಿ ಕೂತರು. ಮರಿಯ ದವಡೆ ಒಂದೊಂದೇ ಬದಿಯಿಂದ ಮುಂದೆ ಸರಿಯುತ್ತಿತ್ತು. ಇಲಿಯ ಬಾಲವೂ ಒಳಗೆ ಹೋಗಿ, ಕತ್ತಿನ ಕೆಳಗೆ ಒಂದು ಉಬ್ಬು ಉಳಿಯಿತು. ಒಂಬತ್ತು ವಾರದ ಮೇಲೆ ಮೊದಲ ತುತ್ತು. ವಿಜಿ ಅಪ್ಪನ ಬೆರಳು ಹಿಡಿದುಕೊಂಡೇ ಇದ್ದಳು. ಬೋರೇಗೌಡನ ಎದೆ ಹಿಗ್ಗಿತು. ಮರುಗಳಿಗೆಗೆ ಲೆಕ್ಕ ಹೊಳೆಯಿತು. ಎರಡು ದಿನ. ನಾಳೆಯೇ ಊಟ.

ಬೆಳಗ್ಗೆ ಎದ್ದು ತೊಟ್ಟಿಯ ಮುಂದೆ ನಿಂತ. ಉಬ್ಬು ಇನ್ನೂ ಅಲ್ಲೇ ಇತ್ತು. ಕೈ ಚಾಚಿದ. ಮುಟ್ಟದೆ ಹಿಂದಕ್ಕೆ ತೆಗೆದುಕೊಂಡ. ಬೇವು ಹುಡುಕಿ ಸಿಗದೆ ಹಾಗಲಕಾಯಿ ಹೆಚ್ಚುತ್ತಿದ್ದ ಜಯಾ, ಗಂಡ ಹಿತ್ತಿಲ ಬಾಗಿಲು ದೂಡಿಕೊಂಡು ಹೋದದ್ದನ್ನು ನೋಡಿದಳು.

ಗೋಡೆಯ ಮೊಳೆಯಲ್ಲಿ ನೀರಿನ ಪೈಪು ಸುರುಳಿ ಸುತ್ತಿಕೊಂಡು ತೂಗುತ್ತಿತ್ತು. ಚಳಿಗೆ ಅಲ್ಲಲ್ಲಿ ಸೀಳಿತ್ತು. ಬೋರೇಗೌಡ ಬಹಳ ಹೊತ್ತು ಅದನ್ನು ನೋಡಿದ. ಆಮೇಲೆ ಚಾಕು ತಂದು ಎರಡಡಿ ಕತ್ತರಿಸಿದ. ಒಂದು ಕೊನೆಗೆ ಬಿರಡೆ ಜಡಿದು, ಮರಳು ತುಂಬಿದ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಮರಿಯ ತೂಕಕ್ಕೆ ಇಳಿಯುವಷ್ಟು ಮರಳು ಚೆಲ್ಲಿ, ಇನ್ನೊಂದು ಕೊನೆಯನ್ನೂ ಮುಚ್ಚಿದ. ತಣ್ಣಗಿದ್ದರೆ ನಿರ್ಜೀವವೆಂದು ತಿಳಿದೀತೆಂದು ಬಿಸಿಚಾಪೆಯ ಅಂಚಿನ ಮೇಲೆ ಒಂದು ಗಂಟೆ ಮಲಗಿಸಿದ. ಕಡೆಗೆ ಅದೇ ದಿಂಬಿನ ಚೀಲಕ್ಕೆ ಇಳಿಸಿ, ಅದೇ ಗಂಟು ಹಾಕಿದ.

ಊಟಕ್ಕೆ ಹದಿನಾಲ್ಕು ಜನ. ಡಾಕ್ಟರ್ ಸತ್ಯಪ್ರಕಾಶ್ ಸೋಫಾದಲ್ಲಿ ಕೂತು ಎರಡನೆಯ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಂಡು ಶುರುಮಾಡಿದರು. “ನಮ್ಮ ಗೌಡ್ರ ಸ್ನೇಕ್ ಸ್ಟೋರಿ ಹೊಸಬ್ರಿಗೆ ಗೊತ್ತಿಲ್ಲ, ಅಲ್ವಾ? ಸೆವೆಂಟಿಯಲ್ಲಿ...”

“ಅಂಕಲ್, ನಮ್ಮನೇಲಿ ರಿಯಲ್ ಸ್ನೇಕ್ ಇದೆ,” ಎಂದಳು ವಿಜಿ.

“ನಿಮ್ಮಪ್ಪ ಇರೋ ಮನೇಲಾ? ಅದು ನೀರು ಬಿಡತ್ತಾ ಪುಟ್ಟಿ?”

ಎಲ್ಲರೂ ನಕ್ಕರು. ಬೋರೇಗೌಡ ನಗಲಿಲ್ಲ. ಅವನು ಕಥೆ ಪೂರ್ತಿಯಾಗಲು ಬಿಟ್ಟ, ಮೊಸರನ್ನದ ಪಾತ್ರೆಯವರೆಗೂ. ಆಮೇಲೆ ಒಳಗೆ ಹೋಗಿ, ಚೀಲವನ್ನು ಎರಡು ಅಂಗೈಯಲ್ಲಿ ಮಗುವಿನಂತೆ ಹೊತ್ತು ತಂದು ಡಾಕ್ಟರ ತೊಡೆಯ ಮೇಲೆ ಇಟ್ಟ.

“ಹಿಡ್ಕಳಿ ಡಾಕ್ಟ್ರೇ. ಮರಿ. ಹೆದರೋರು ನಾವು ತಾನೆ.”

ಬಿಸಿ ತೊಡೆಗೆ ತಾಕಿತು. ಡಾಕ್ಟರು ಕಾಲು ಕದಲಿಸಿದರು. ಚೀಲದೊಳಗಿನದು ಮೆಲ್ಲಗೆ ಹೊರಳಿತು. ಕೂಗು ಅವರ ಗಂಟಲಿನಿಂದ ಬಂದದ್ದೆಂದು ಯಾರಿಗೂ ಮೊದಲು ತಿಳಿಯಲಿಲ್ಲ. ತಟ್ಟೆ ನೆಲಕ್ಕೆ ಬಿತ್ತು. ಅವರು ಸೋಫಾದ ಮೇಲೆ ಹತ್ತಿ, ಅದರ ಹಿಂಬದಿಗೆ ಇಳಿದು, ಬರಿ ಕಾಲುಚೀಲದಲ್ಲಿ ಬಾಗಿಲು ದಾಟಿ ಅಂಗಳದಲ್ಲಿ ನಿಂತರು.

“ವಿಜಿ, ಬಿಚ್ಚಮ್ಮ,” ಎಂದ ಬೋರೇಗೌಡ.

ಅವಳು ಗಂಟು ಬಿಚ್ಚಿ ಕೈಹಾಕಿ ಎತ್ತಿ ಹಿಡಿದಳು. ಹಸಿರು ಪೈಪು. ಮೊದಲು ನಕ್ಕವಳು ಡಾಕ್ಟರ ಹೆಂಡತಿ ಶೀಲಾ. ಆಮೇಲೆ ಯಾರನ್ನೂ ಹಿಡಿಯಲಾಗಲಿಲ್ಲ.

ಬೋರೇಗೌಡ ಡಾಕ್ಟರ ಬೂಟುಗಳನ್ನು ಹಿಡಿದು ಅಂಗಳಕ್ಕೆ ಹೋದ. ಅವರು ಬಗ್ಗಿ ಲೇಸು ಕಟ್ಟತೊಡಗಿದರು, ಗಂಟು ಕೂಡಲಿಲ್ಲ.

“ನಮ್ಮಪ್ಪನ ವಿಷಯ ನಿಮಗೆ ಗೊತ್ತಿತ್ತು,” ಎಂದ.

“ತಮಾಷೆಗೆ ಹೇಳ್ತಿದ್ದೆ ಕಣ್ರೀ. ಯು ನೋ ದಟ್.”

“ನಾನೂ ತಮಾಷೆಗೇ ಹೇಳ್ತೀನಿ. ದೀಪಾವಳಿಗೆ ಶುರು. ನಿಮ್ದು ಏಳು ವರ್ಷ ಆಯ್ತಲ್ಲ, ನನಗೂ ಅಷ್ಟು ಬೇಕು.”

ಡಾಕ್ಟರು ಅವನ ಮುಖ ನೋಡಿ, ಅವನು ನಗುತ್ತಿಲ್ಲವೆಂದು ಕಂಡು, ಮತ್ತೆ ಲೇಸಿಗೆ ಬಗ್ಗಿದರು.

ಎಲ್ಲರೂ ಹೋದ ಮೇಲೆ ಜಯಾ ನೆಲದ ತುಪ್ಪ ಒರೆಸಿ, ಪೈಪಿನ ತುಂಡನ್ನು ಕಸದ ಬುಟ್ಟಿಗೆ ಹಾಕಹೋದಳು. “ಸಾಕಲ್ವಾ? ಆ ಮನುಷ್ಯ ಅಳೋ ಹಂಗಾಗಿದ್ರು.”

ಬೋರೇಗೌಡ ಅದನ್ನು ಅವಳ ಕೈಯಿಂದ ತೆಗೆದುಕೊಂಡು ಒರೆಸಿ ಕಪಾಟಿನಲ್ಲಿಟ್ಟ. ದೀಪಾವಳಿಗೆ ಬೇಕಾಗುತ್ತದೆ. ತೊಟ್ಟಿಯ ಕಡೆ ಬಗ್ಗಿ ನೋಡಿದ. ಕುಂಡದ ಕತ್ತಲಲ್ಲಿ ಮರಿ ಕದಲದೆ ಬಿದ್ದಿತ್ತು. ಉಬ್ಬು ಬೆಳಗಿಗಿಂತ ಎರಡು ಬೆರಳು ಕೆಳಗೆ ಸರಿದಿತ್ತು.