ಜಾಣ ಡಿಕೋಡರು ನುಂಗಿದ ಮಾತು

ಕಂಪ್ಯೂಟರಿನ ಫ್ಯಾನು ಸದ್ದು ಬದಲಿಸಿತು, ಗುರ್ ಅಂತಿದ್ದದ್ದು ಸುಂಯ್ ಅಂತಾಯಿತು, ಪರದೆಯ ಮೂಲೆಯ ಮೀಟರು ನೋಡುವುದೇ ಬೇಡ ಅವನಿಗೆ, ಸದ್ದಿನಲ್ಲೇ ಹೇಳಬಲ್ಲ ಪ್ರೊಸೆಸರು ಎಷ್ಟು ಬೆವರುತ್ತಿದೆ ಎಂದು, ಆದರೂ ನೋಡಿದ, ನೂರಕ್ಕೆ ಮೂವತ್ತು, ಇಂಥ ಮುದಿ ಕಂಪ್ಯೂಟರಿನಲ್ಲಿ ಇಂಥ ವಿಡಿಯೋವನ್ನು ಮೂವತ್ತಕ್ಕೆ ಓಡಿಸಿದವನು ಭೂಮಂಡಲದಲ್ಲಿ ಇನ್ನೊಬ್ಬನಿದ್ದರೆ ಕರೆದುಕೊಂಡು ಬನ್ನಿ, ಮೀಸೆ ಬೋಳಿಸಿಕೊಳ್ಳುತ್ತಾನೆ — ಮೀಸೆ ಇಲ್ಲ ಅನ್ನೋದು ಬೇರೆ ಮಾತು, ಇದಕ್ಕಾಗಿಯೇ ಬೆಳೆಸಿಯಾನು — ಬೆಳಿಗ್ಗೆ ಚಿಕ್ಕಮ್ಮ ಪೆನ್ ಡ್ರೈವ್ ಕೊಟ್ಟು ಹೋದಳು, ನಿಮ್ಮಮ್ಮ ಆಸ್ಪತ್ರೆಯಲ್ಲಿ ಮಾಡಿಸಿದ ವಿಡಿಯೋ ಕಣೋ, ಕೊನೇ ವಾರದ್ದು, ಮಗಳಿಗೆ ತೋರಿಸು ಅಂದಿದ್ದಳು, ಆ ಕೈಮಾತು ನಂಗೆಲ್ಲಿ ಅರ್ಥ ಆಗತ್ತೆ, ಅಮ್ಮನಿಗೂ ಕಿವಿ ಕೇಳುತ್ತಿರಲಿಲ್ಲ, ತಂಗಿಗೂ ಕೇಳದು, ಮನೆಯಲ್ಲಿ ಕಿವಿ ಇದ್ದವನು ಇವನೊಬ್ಬನೇ, ಬಾಯಿ ಮಾತ್ರ ಮೂವರ ಪಾಲಿನದೂ ಇವನಿಗೇ ಬಂದಿದೆ ಎಂದು ಚಿಕ್ಕಮ್ಮನ ದೂರು. ತಂಗಿ ಕೈಯಾಡಿಸಿದಳು, ಈ ಡಬ್ಬದಲ್ಲಿ ಆಗಲ್ಲ, ಗುಜರಿಗೆ ಹಾಕಿ ಹೊಸದು ತರೋಣ. ಡಬ್ಬ ಅಂತೀಯಾ, ಇವನೂ ಕೈಯಲ್ಲೇ ಗದರಿದ, ಅಮ್ಮ ವರ್ಷಗಟ್ಟಲೆ ಕೂತು ಕಸೂತಿ ಚಿತ್ರ ಬಿಡಿಸಿದ ಯಂತ್ರ, ಅಮ್ಮ ಇದರಲ್ಲೇ ಮಾತಾಡಬೇಕು, ಸಂಜೆಯೊಳಗೆ ಮಾತಾಡಿಸ್ತೀನಿ, ಇಲ್ಲದಿದ್ದರೆ ನಾನೇ ಹೊತ್ತುಕೊಂಡು ಹೋಗಿ ಗುಜರಿಗೆ ಹಾಕ್ತೀನಿ, ನೋಡ್ತಿರು — ವಿಡಿಯೋ ಅಂದರೆ ಬಿಗಿದು ಕಟ್ಟಿದ ಗಂಟು, ಬಿಚ್ಚುವವನು ಡಿಕೋಡರು, ಮೂರು ಇಳಿಸಿಕೊಂಡ, ಮೊದಲನೆಯದು ಹೊಟ್ಟೆಬಾಕ, ತೊಂಬತ್ತೆಂಟು ತಿಂದು ಇನ್ನೂ ಬಡಿಸು ಅಂತು, ಮೇಜು ನಡುಗಿ ಪಕ್ಕದ ಮನೆ ಬೆಕ್ಕು ಗುಳೆ ಹೋಯಿತು, ಎರಡನೆಯದು ಎಂಬತ್ತು, ಮೂರನೆಯದು ಈ ಜಾಣ, ಆಹಾ, ಆಸ್ಪತ್ರೆಯ ಸದ್ದು ಎಷ್ಟು ನಯವಾಗಿ ಬರುತ್ತಿದೆ, ಚಮಚ ಬಿದ್ದದ್ದು, ಗಾಡಿಯ ಚಕ್ರ, ಅಮ್ಮನ ಕೆಮ್ಮು, ಒಂದೂ ತುಂಡಾಗಿಲ್ಲ, ರೇಷ್ಮೆ, ರೇಷ್ಮೆ —

ತಂಗಿ ತೋಳು ಚಿವುಟಿದಳು. ಮತ್ತೆ ಹಾಕು. ಹಾಕಿದ. ಅಮ್ಮನ ಕೈ ಗಲ್ಲದಿಂದ ಏಳುತ್ತದೆ, ಏಳುತ್ತದೆ, ಆಮೇಲೆ ನೋಡಿದರೆ ಮಡಿಲಲ್ಲಿದೆ, ನಡುವೆ ಏನೂ ಇಲ್ಲ. ಅಮ್ಮ ಮಾತು ನುಂಗ್ತಿದಾಳೆ, ತಂಗಿಯ ಬೆರಳು ಚುರುಕಾಯಿತು, ಚಿಂತೆ ಬೇಡ, ನಿನ್ನ ಜೊತೆ, ಅಂತಾಳೆ, ಅಷ್ಟೇ, ನನ್ನ ಜೊತೆ ಏನು, ಯಾರು. ಕೈ ಏಳುತ್ತದೆ, ಮಡಿಲು — ಎಲಾ ಕಳ್ಳ, ಈ ಜಾಣ ದುಡಿದು ಉಳಿಸಿದ್ದಲ್ಲ, ಕೆಲಸ ಕದ್ದು ಉಳಿಸಿದ್ದು, ಅಮ್ಮನ ಕೈ ಜೋರಾಗಿ ಆಡಿದಷ್ಟೂ ಗಂಟು ಬಿಗಿ, ಬಿಗಿಯಾದ ಕಡೆಯೆಲ್ಲ ಚಿತ್ರಗಳನ್ನೇ ಎಸೆದು ಮುಂದಕ್ಕೆ ಜಿಗಿದಿದೆ, ಅದಕ್ಕೇ ಮೂವತ್ತು, ಇವನೋ ಕೈಮಾತಿನ ಮನೆಯಲ್ಲಿ ಹುಟ್ಟಿ ಬೆಳೆದು, ಕಣ್ಣನ್ನು ಮೀಟರಿಗೆ ಕೊಟ್ಟು ಕಿವಿಯಿಂದ ವಿಡಿಯೋ ನೋಡಿದ. ಕಿವಿ ಇದ್ದೋರ ಹಣೆಬರಹ ಇಷ್ಟೇ, ತಂಗಿ ಕೈಯಲ್ಲೇ ಕುಟುಕಿದಳು, ಗುಜರಿಯವನಿಗೆ ಹೇಳಿಕಳಿಸಲಾ. ತಡಿಯೇ ಮಾರಾಯ್ತಿ, ಹೊಟ್ಟೆಬಾಕನನ್ನೇ ಕರೆದರಾಯಿತು, ಅವನೊಬ್ಬನೇ ಎಲೆಯಲ್ಲಿ ಅಗುಳೂ ಬಿಡದವನು, ಡಬ್ಬದ ಪಕ್ಕದ ಹಲಗೆ ಬಿಚ್ಚಿದ, ಟೇಬಲ್ ಫ್ಯಾನನ್ನು ಅದರ ಹೊಟ್ಟೆಗೇ ತಿರುಗಿಸಿದ, ಇಂಟರ್‌ನೆಟ್ಟು ಮುಚ್ಚಿದ, ಪರದೆಯ ಅಲಂಕಾರ ಕಿತ್ತ, ಕೊನೆಗೆ ಮೀಟರನ್ನೂ ಮುಚ್ಚಿದ, ಅದೂ ಎರಡು ತುತ್ತು ತಿನ್ನುತ್ತಿತ್ತು, ತಿನ್ನು ಮಗನೇ, ಎಲ್ಲಾ ನಿನಗೇ — ವಿಮಾನ ಏರುವ ಸದ್ದು, ತಂಗಿ ಮೇಜಿನ ಮೇಲೆ ಅಂಗೈ ಇಟ್ಟು ಆ ನಡುಕ ಕೇಳುತ್ತಿದ್ದಾಳೆ, ತಡೆಯುತ್ತಾ ಅಂತ ಹುಬ್ಬಲ್ಲೇ ಕೇಳಿದಳು, ತಡೆಯದೆ ಏನು, ಯಾರು ಜೋಡಿಸಿದ ಯಂತ್ರ ಇದು, ಕೈ ಗಲ್ಲದಿಂದ ಏಳುತ್ತದೆ, ಚಿಂತೆ ಬೇಡ, ನಿನ್ನ ಜೊತೆ, ಏಳುತ್ತದೆ, ಮಡಿಲಿಗೆ ಹೋಗಲಿಲ್ಲ, ಎದೆಗೆ ಬಂತು, ಮುಷ್ಟಿಯಾಯಿತು, ಬಲೂನಿನ ಹಾಗೆ ಉಬ್ಬುತ್ತ ಬೆರಳು ಬಿಚ್ಚಿತು — ಜಂಭದ ಕೋಳಿ, ಚಿಕ್ಕಂದಿನಲ್ಲಿ ಅಮ್ಮ ಇವನಿಗಿಟ್ಟ ಹೆಸರು, ಕೈಯಲ್ಲಿ ಮಾತ್ರ ಇರುವ ಹೆಸರು, ಅಮ್ಮ ಹೋದಮೇಲೆ ತಂಗಿಯೂ ಆಡದ ಹೆಸರು, ನಿನ್ನ ಜೊತೆ ಇವನಿದ್ದಾನೆ — ತಂಗಿ ಗುಂಡಿ ಒತ್ತಿ ಅಲ್ಲೇ ನಿಲ್ಲಿಸಿದಳು, ಫ್ಯಾನು ಕೂಗುತ್ತಲೇ ಇದೆ, ನೋಡಿದೆಯಾ ಹೇಗೆ ಓಡಿಸಿದೆ ಅನ್ನೋಣವೆಂದು ಇವನು ಕೈ ಎತ್ತಿದ, ಎತ್ತಿದ ಕೈ ಎತ್ತಿದಲ್ಲೇ, ಪರದೆಯಲ್ಲಿ ಅಮ್ಮನ ಎದೆಯ ಮುಂದೆ ಆ ಕೈ, ಉಬ್ಬಿ ನಿಂತ ಕೈ, ಆ ಕೈ