ಬಿಡೋ ಅಂದದ್ದು

“ಅವನ ಬಾಯಿಂದ ಬಂದ ಮಾತೇ ಬೇಕು. ಏನಂದ?” ಠಾಣೆಯ ಬರಹಗಾರ ಪೆನ್ನು ಹಿಡಿದು ಕಾದಿದ್ದ.

“ಬಿಡೋ ಅಂದ್ರು ಸಾರ್.”

“ಅಷ್ಟೇನಾ?”

“ಅಷ್ಟೇ.”

ನಿನ್ನೆ ಕಟ್ಟಡದ ಮೂರನೇ ಮಹಡಿಯಲ್ಲಿ ರಾಟೆಯ ಹಗ್ಗ ಹಿಡಿದಿದ್ದವನು ಇವನು. ಕೆಳಗಿದ್ದವರು ಇವನ ಭಾವ, ಗಾರೆ ಮೇಸ್ತ್ರಿ. ಮೇಲೇರುತ್ತಿದ್ದ ಕಬ್ಬಿಣದ ಕಿಟಕಿ ಎರಡನೇ ಮಹಡಿಯ ಅಂಚಿಗೆ ಸಿಕ್ಕಿಕೊಂಡಿತ್ತು. ಇವನು ಜಗ್ಗಿದ, ಬರಲಿಲ್ಲ. ಹಟ ಹಿಡಿದು ಮತ್ತೆ ಜಗ್ಗಿದ. ಭಾವ ಅದರ ಕೆಳಗೇ ಬಂದು, ಕತ್ತೆತ್ತಿ ಆ ಒಂದು ಮಾತು ಕೂಗಿದರು. ಇವನ ಕೈ ಹಗ್ಗ ಬಿಟ್ಟಿತು.

“ಬಿಡೋ ಅಂದ್ರೆ? ಹಗ್ಗ ಬಿಡು ಅಂತಲೋ, ಎಳೆಯೋದು ಬಿಡು ಅಂತಲೋ? ನಾನು ಒಂದನ್ನೇ ಬರೀಬೇಕು.”

ಇವತ್ತು ಬೆಳಿಗ್ಗೆ ಕಂಟ್ರಾಕ್ಟರ್ ಇವನ ಹೆಗಲ ಮೇಲೆ ಕೈಯಿಟ್ಟು ಹೇಳಿಕೊಟ್ಟಿದ್ದ: “ಹಗ್ಗ ಬಿಡು ಅಂದ್ರು ಅನ್ನು, ಮುಗೀತು. ಸತ್ತೋರನ್ನ ಯಾರು ಜೈಲಿಗೆ ಹಾಕ್ತಾರೆ?”

ಹನ್ನೊಂದು ವರ್ಷ ಭಾವನ ಕೈಕೆಳಗೆ ದುಡಿದವನಿಗೆ ಅವರ ಮಾತಿನ ವರಸೆ ಗೊತ್ತಿಲ್ಲದೆ ಇರಲಿಲ್ಲ. ಭಾರ ಕೆಳಗೆ ಬರಬೇಕಾದರೆ ಅವರು ‘ಇಳಿಸು’ ಎನ್ನುತ್ತಿದ್ದರು. ಗೋಡೆ ಡೊಂಕಾಗಿ ಇವನು ಮೋರೆ ಸಣ್ಣದು ಮಾಡಿಕೊಂಡಾಗ ‘ಬಿಡೋ, ಕೆಡವಿ ಕಟ್ಟಿದ್ರಾಯ್ತು.’ ನೋಡಿದ ಹೆಣ್ಣಿನ ಕಡೆಯವರು ಒಲ್ಲೆ ಅಂದಾಗಲೂ ಬಸ್ಸಿನಲ್ಲಿ ಪಕ್ಕ ಕೂತು ‘ಬಿಡೋ.’ ಅವರ ಬಾಯಲ್ಲಿ ಆ ಮಾತು ಇವನ ಎದೆಯ ಭಾರ ಇಳಿಸಿತ್ತೇ ಹೊರತು, ಕೈಯಲ್ಲಿದ್ದದ್ದನ್ನು ಒಮ್ಮೆಯೂ ಬಿಡಿಸಿರಲಿಲ್ಲ. ಆದರೆ ನಿನ್ನೆ ಅಂಗೈ ಸುಲಿದು ಉರಿಯುತ್ತಿತ್ತು.

ಗೋಡೆಗೊರಗಿ ಬೆಂಚಿನ ಮೇಲೆ ಕೂತಿದ್ದ ಅಕ್ಕ ಮುಂದಕ್ಕೆ ಬಾಗಿದಳು.

“ಹೆಂಗಂದ್ರು?” ಎಂದಳು. “ಅವರು ಅಂದ ಹಾಗೇ ಅನ್ನು.”

ಅವನು ಅಕ್ಕನ ಕಡೆ ತಿರುಗಿದ. ಎರಡು ಸಲ ಬಾಯಿ ತೆರೆದು ಮುಚ್ಚಿದ. ಮೂರನೇ ಸಲ ಬಂತು: “ಬಿಡೋ...” ಕೊನೆಗೆ ಸ್ವಲ್ಪ ಎಳೆತ, ಗದರಿಕೆಯಂತೆ ಕೇಳಿಸುವ ಅಕ್ಕರೆ.

ಅಕ್ಕ ಕಣ್ಣು ಮುಚ್ಚಿದಳು. ಗಂಡನ ದನಿ ಇಂಥ ಜಾಗದಲ್ಲಿ, ತಮ್ಮನ ಬಾಯಿಂದ ಕೇಳುತ್ತದೆಂದು ಅವಳು ಎಣಿಸಿರಲಿಲ್ಲ.

“ಅದು...” ಎಂದವಳು ತಮ್ಮನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದಳು.

ಅವಳು ನುಂಗಿದ್ದನ್ನು ಅವನೇ ಹೇಳಿದ. “ಸಾಕು, ಎಳೀಬೇಡ ಅಂದದ್ದು ಸಾರ್. ನಂಗೆ ಗೊತ್ತಿತ್ತು. ಕೈಗೆ ಗೊತ್ತಾಗ್ಲಿಲ್ಲ.”

“ಕೈಗೆ ಗೊತ್ತಾಗ್ಲಿಲ್ಲ ಅಂತ ಬರೆಯೋಕೆ ಬರಲ್ಲಪ್ಪ.” ಬರಹಗಾರನ ದನಿ ಮೊದಲ ಸಲ ತಗ್ಗಿತು. “ತಪ್ಪಾಗಿ ತಿಳಿದು ಹಗ್ಗ ಬಿಟ್ಟೆ ಅಂತ ಹಾಕ್ತೀನಿ. ಕೇಸು ನಿನ್ನ ಮೇಲೆ ಬರುತ್ತೆ. ಹಾಕ್ಲಾ?”

“ಹಾಕಿ.”

ಪೆನ್ನು ಓಡತೊಡಗಿತು. ಅಕ್ಕ ಎದ್ದಳು. ತಮ್ಮನ ಎದುರಿಗೆ ಬಂದು ಒಂದು ಗಳಿಗೆ ನಿಂತಳು. ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ಅವನು ಕಾದ, ಎರಡೂ ಆಗಲಿಲ್ಲ. ಸೆರಗು ಹೊದ್ದುಕೊಂಡು ಹೊರಗೆ ನಡೆದಳು.

ಸಹಿ ಹಾಕಿ, ಹೇಳಿದಲ್ಲಿ ಕೂತ. ಕಿಟಕಿಯಾಚೆ ಬಸ್ ನಿಲ್ದಾಣ ಕಾಣುತ್ತಿತ್ತು. ಬಿಸಿಲಲ್ಲಿ ಅಕ್ಕ ಒಬ್ಬಳೇ ನಿಂತಿದ್ದಳು. ಅವಳು ಹತ್ತಬೇಕಾದ ಬಸ್ಸು ಬಂತು, ಜನ ಹತ್ತಿಸಿಕೊಂಡು ಹೋಯಿತು. ಹೊಗೆ ಸರಿದಾಗ ಅವಳು ಅಲ್ಲೇ ನಿಂತಿದ್ದಳು, ಠಾಣೆಯ ಬಾಗಿಲ ಕಡೆ ಮುಖ ಮಾಡಿ.