ಸ್ಟೇರಿಂಗಿನಷ್ಟು ತಟ್ಟೆ

“ಈ ಸಲನಾದ್ರೂ ಕುರ್ಚಿ ಬಿಡ್ರೀ. ಅವರೇ ಎಳೀತಾರೆ,” ಎಂದು ಹೆಂಡತಿ ಪಿಸುಗುಟ್ಟಿದಳು.

ಡ್ರೈವರ್ ಕುರ್ಚಿಯಿಂದ ಕೈ ತೆಗೆದ. ಕಳೆದ ಸಲ ಬಂದಾಗ ಇದೇ ಬಿಳಿಹುಬ್ಬಿನ ಸಪ್ಲೈಯರ್ ಜೊತೆ ಕುರ್ಚಿಗಾಗಿ ಹಗ್ಗಜಗ್ಗಾಟವೇ ನಡೆದುಹೋಗಿತ್ತು. ಅತ್ತ ಅವನೆಳೆದ, ಇತ್ತ ಇವನೆಳೆದ. ಡ್ರೈವರ್ ನೆಲದ ಮೇಲೆ ಕೂರುವುದೊಂದೇ ಬಾಕಿ. ಈಗ ಸಪ್ಲೈಯರ್ ಮೊದಲು ಅವಳಿಗೆ, ಆಮೇಲೆ ಇವನಿಗೆ ಕುರ್ಚಿ ಸರಿಸಿಕೊಟ್ಟು ಹಿಂದೆ ಸರಿದ. ಕಿಟಕಿಯಿಂದ ಬಂದ ಮಧ್ಯಾಹ್ನದ ಬಿಸಿಲು ಮೇಜಿನ ಬಿಳಿ ಬಟ್ಟೆಯ ಅರ್ಧಕ್ಕೆ ಬಿದ್ದಿತ್ತು.

ಆರು ವರ್ಷದ ಹಿಂದೆ, ತನಗೆ ಕೆಲಸ ಸಿಕ್ಕಿದ ಖುಷಿಗೆ, ಮಗಳು ಅಪ್ಪ ಅಮ್ಮನನ್ನು ಈ ದೊಡ್ಡ ಹೋಟೆಲಿಗೆ ಕಳಿಸಿದ್ದಳು. ಅಂದಿನಿಂದ ಇಲ್ಲಿನ ಊಟ ಬಸ್ ಡಿಪೋದ ಖಾಯಂ ತಮಾಷೆಯಾಗಿಬಿಟ್ಟಿತು. “ತಟ್ಟೆ ಸ್ಟೇರಿಂಗಿನಷ್ಟು, ಊಟ ಹಾರ್ನಿನ ಗುಂಡಿಯಷ್ಟು!” ಎಂದು ಡ್ರೈವರ್ ಶುರುಮಾಡಿದನೆಂದರೆ ಕಂಡಕ್ಟರುಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನೆಂಟರ ಮನೆಗಳಲ್ಲೂ ಅದೇ ಕಥೆ. ಒಂದೇ ಒಂದು ಸೊಪ್ಪಿನ ಎಲೆಯನ್ನು ಚಿಮುಟದಲ್ಲಿ ತಂದಿಟ್ಟಂತೆ ಇಟ್ಟಿದ್ದು, ತಿಂದಾದ ಮೇಲೂ ಖಾಲಿ ತಟ್ಟೆ ಎತ್ತದೆ ಕೂರಿಸಿದ್ದು, ಎಲ್ಲವನ್ನೂ ಅಭಿನಯಿಸಿ ತೋರಿಸಿ, ಕೊನೆಗೆ, “ಮನೆಗೆ ಬಂದು ಇವಳ ಕೈಲಿ ಅಡುಗೆ ಮಾಡಿಸ್ಕೊಂಡು ಉಂಡೆ ನೋಡಿ, ಆಗ ಹೋದ ಜೀವ ಬಂತು!” ಎನ್ನುತ್ತಿದ್ದ. ಅವಳೂ ಎಲ್ಲರ ಜೊತೆ ನಗುತ್ತಿದ್ದಳು.

ಬರುವ ಸೋಮವಾರ ಅವಳ ಹೊಟ್ಟೆಗೆ ಆಹಾರದ ನಳಿಕೆ ಹಾಕುತ್ತಾರೆ. ಗಂಟಲಿನ ಗಡ್ಡೆ ಯಾವ ಔಷಧಕ್ಕೂ ಬಗ್ಗಲಿಲ್ಲ. ನಳಿಕೆ ಹಾಕಿದ ಮೇಲೆ ಬಾಯಿಂದ ಒಂದು ಗುಟುಕು ನೀರೂ ಕೂಡದು. ಆಮೇಲೆ ಎಷ್ಟು ದಿನ ಎಂದು ಡ್ರೈವರ್ ಕೇಳಿದ್ದಕ್ಕೆ ಡಾಕ್ಟರು ಕಿಟಕಿಯ ಕಡೆ ನೋಡಿ, “ಅಷ್ಟರೊಳಗೆ ಏನಿಷ್ಟವೋ ತಿನ್ಸಿ, ಮೆತ್ತಗಿರಲಿ,” ಎಂದಿದ್ದರು. ಏನು ಬೇಕು ಎಂದು ಕೇಳಿದರೆ ಅವಳು ಈ ಹೋಟೆಲಿನ ಹೆಸರು ಹೇಳಬೇಕೇ! ಅವನಿಗೆ ರೇಗಿಹೋಯಿತು. “ಅಲ್ಲೇನಿದೆ ಮಣ್ಣು!” ಎಂದು ಕೂಗಿಯೇಬಿಟ್ಟ. ಅವಳು ಮಾತು ಬೆಳೆಸಲಿಲ್ಲ. ಮಾತು ಬೆಳೆಸದಿರುವುದು ಅವಳಿಗೆ ಗಂಟಲು ಕಟ್ಟುವುದಕ್ಕೆ ಮೊದಲಿನಿಂದಲೂ ಅಭ್ಯಾಸ.

ಮೊದಲು ಕುಂಬಳಕಾಯಿಯ ಗಟ್ಟಿ ಸೂಪು ಬಂತು. ಅಗಲ ತಟ್ಟೆಯ ನಡುಗುಳಿಯಲ್ಲಿ ನಾಲ್ಕೇ ಚಮಚದಷ್ಟು. ಡ್ರೈವರಿಗೆ ಹಾರ್ನಿನ ಗುಂಡಿ ನೆನಪಾಗಿ ಆ ಮಾತು ನಾಲಿಗೆಯ ತುದಿಗೇ ಬಂತು. ಅದನ್ನು ನುಂಗಿಕೊಂಡು, ತನ್ನ ಪಾಲನ್ನು ಎರಡು ಸಲಕ್ಕೆ ಮುಗಿಸಿದ. ಎರಡು ಟ್ರಿಪ್ಪಿನ ನಡುವೆ ಏಳು ನಿಮಿಷದಲ್ಲಿ ಉಂಡು ಏಳುವುದು ಮೂವತ್ತು ವರ್ಷದ ರೂಢಿ, ಹೋದೀತೆ?

ಖಾಲಿ ತಟ್ಟೆ ಅವನ ಮುಂದೆ ಹಾಗೇ ಕೂತಿತು. ಕಳೆದ ಸಲ ಅವನು, “ಏನ್ರೀ, ತಟ್ಟೆ ತೆಗೀರಿ!” ಎಂದು ಇಡೀ ಹಾಲಿಗೆ ಕೇಳುವಂತೆ ಕೂಗಿದ್ದ. ಬಿಳಿಹುಬ್ಬಿನವನು ಬಳಿಗೆ ಬಂದು ಬಗ್ಗಿ, “ಮೇಡಂ ಇನ್ನೂ ಊಟ ಮಾಡ್ತಿದ್ದಾರೆ ಸರ್. ಇಬ್ಬರದೂ ಮುಗಿದ್ಮೇಲೆ ಒಟ್ಟಿಗೇ ತೆಗೆಯೋದು ನಮ್ಮಲ್ಲಿ,” ಎಂದಿದ್ದ. ಇವತ್ತು ಡ್ರೈವರ್ ಸುಮ್ಮನೆ ಕೂತು ಅವಳನ್ನು ನೋಡಿದ. ಒಂದು ಚಮಚ. ಕಣ್ಣು ಮುಚ್ಚಿ, ಗದ್ದ ಎದೆಗೆ ಒತ್ತಿ, ನುಂಗಿ, ಸುಧಾರಿಸಿಕೊಳ್ಳುವುದು. ಮತ್ತೊಂದು ಚಮಚ.

ಮನೆಯಲ್ಲಿ ಅವನು ಮಿಕ್ಸಿಗೆ ಎಲ್ಲವನ್ನೂ ಸುರಿದು ಅರೆದು, ಬಟ್ಟಲು ತುಂಬಾ ಹಾಕಿ, “ಇಷ್ಟೂ ತಿನ್ಬೇಕು,” ಎಂದು ಎದುರಿಗೆ ಕೂರುತ್ತಿದ್ದ. ಬಟ್ಟಲು ಇದ್ದ ಹಾಗೇ ಸಿಂಕಿಗೆ ಹೋಗುತ್ತಿತ್ತು. ಅವಳು ಕಳ್ಳಿಯ ಹಾಗೆ ತಲೆ ತಗ್ಗಿಸುತ್ತಿದ್ದಳು. ಇಲ್ಲಿ ನಾಲ್ಕನೆಯ ಚಮಚಕ್ಕೆ ಅವಳ ತಟ್ಟೆ ಬರಿದಾಯಿತು. ನಾಲ್ಕು ತಿಂಗಳಲ್ಲಿ ಅವಳ ಮುಂದೆ ಖಾಲಿ ತಟ್ಟೆ ಕಂಡಿದ್ದು ಇದೇ ಮೊದಲು. ಅವಳು ಅದನ್ನು ನೋಡಿ ನಕ್ಕಳು. ಡ್ರೈವರಿಗೆ ಅಳು ಒತ್ತರಿಸಿ ಬಂದು, ಮಡಿಸಿಟ್ಟ ಬಟ್ಟೆಯಿಂದ ಬಾಯಿ ಒರೆಸುವ ನೆಪದಲ್ಲಿ ಮುಖವನ್ನೆಲ್ಲ ಒರೆಸಿಕೊಂಡ.

“ಅಲ್ಲ ಕಣೇ, ಇಲ್ಲೇನು ಅಷ್ಟು ಹಿಡಿಸ್ತು ನಿಂಗೆ ಆವತ್ತು?”

“ನಾನು ಏಳಲಿಲ್ಲ.”

“ಏನು?”

“ಊಟದ ಮಧ್ಯೆ ಒಂದ್ಸಲನೂ ಏಳಲಿಲ್ಲ.” ಉಸಿರು ತೆಗೆದುಕೊಂಡು ಮುಂದುವರಿಸಿದಳು. “ಯಾರಿಗೂ ನೀರು ಕೊಡೋದಿಲ್ಲ, ಒಲೆ ನೋಡೋದಿಲ್ಲ. ನಾನು ತಿನ್ನೋವರೆಗೂ ಎಲ್ರೂ ಕಾದ್ರು. ನೀವೂನೂ.”

ಇಪ್ಪತ್ತೆರಡು ವರ್ಷ ಅವಳು ಹಾಸ್ಟೆಲಿನ ಅಡುಗೆಮನೆಯಲ್ಲಿ ಬೇಯಿಸಿದವಳು. ಸಂಜೆ ಮನೆಗೆ ಬಂದು ಮತ್ತೆ ಒಲೆ. ಅವಳು ಕೂತು ಉಂಡಿದ್ದು ಯಾವಾಗ ಎಂದು ಡ್ರೈವರ್ ನೆನಪು ಮಾಡಿಕೊಳ್ಳಲು ಹೋದ, ಒಂದೂ ಹೊಳೆಯಲಿಲ್ಲ. ಹೊಳೆದಿದ್ದು ಆವತ್ತಿನದೇ. ಇಲ್ಲಿಂದ ಮನೆಗೆ ಹೋಗಿ ಅವನು “ಹಸಿವು” ಎಂದಿದ್ದ. ಅವಳು ಒಳ್ಳೆಯ ಬಟ್ಟೆಯನ್ನೂ ಬದಲಾಯಿಸದೆ ಒಲೆ ಹಚ್ಚಿದ್ದಳು. ಥೂ, ಅದನ್ನೇ ಆರು ವರ್ಷ ಊರಿಗೆಲ್ಲ ಹೇಳಿಕೊಂಡು ಬಂದನಲ್ಲ.

“ಹೇಳ್ಬಾರ್ದಿತ್ತೇನೇ?”

“ಎಲ್ಲರನ್ನೂ ಅಷ್ಟು ಚೆನ್ನಾಗಿ ನಗಿಸ್ತಿದ್ರಲ್ಲ,” ಎಂದಳು. ಅವಳ ದನಿಯಲ್ಲಿ ಚುಚ್ಚುವುದೇನೂ ಇರಲಿಲ್ಲ. ಇದ್ದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅವನಿಗೆ.

ಎರಡು ತಟ್ಟೆಗಳೂ ಒಟ್ಟಿಗೆ ಹೋಗಿ, ಬೇರೆ ಎರಡು ಒಟ್ಟಿಗೆ ಬಂದವು. “ಇಬ್ಬರಿಗೂ ಮೀನು, ಕ್ಯಾರೆಟ್, ಬಟಾಣಿ,” ಎಂದ ಬಿಳಿಹುಬ್ಬಿನವನು. ಅವಳದ್ದನ್ನು ಪೂರಾ ಅರೆದು, ಸೋಸಿ, ಮತ್ತೆ ಮೀನಿನ ತುಂಡಿನ ಹಾಗೆ, ಕ್ಯಾರೆಟ್ಟಿನ ಹಾಗೆ ಕೂರಿಸಿದ್ದರು. ಮಗಳು ಹೋಟೆಲಿನವರಿಗೆ ಫೋನಿನಲ್ಲಿ ಎಲ್ಲ ಹೇಳಿದ್ದಳಂತೆ. ಆದರೂ ಬಿಳಿಹುಬ್ಬಿನವನು ಅವಳ ಕತ್ತಿನ ಮೇಲೆ ರೇಡಿಯೇಶನ್ ಬಿಟ್ಟುಹೋದ ಕಪ್ಪು ಕಲೆಗಳತ್ತ ಒಂದು ಸಲವೂ ನೋಡಲಿಲ್ಲ. ಈ ಮನುಷ್ಯನನ್ನು ತಾನು ಡಿಪೋದಲ್ಲಿ ಹುಬ್ಬು ಹಾರಿಸಿ ಅಣಕಿಸಿದ್ದು ಡ್ರೈವರಿಗೆ ನೆನಪಾಯಿತು.

ಮೀನಿನ ಮೊದಲ ಚಮಚ ಇಳಿಯಿತು. “ಚೆನ್ನಾಗಿದೆ,” ಎಂದಳು. ಎರಡನೆಯದು ಗಂಟಲಿನಲ್ಲೇ ನಿಂತಿತು. ಅವಳು ಮೇಜಿನಂಚು ಹಿಡಿದು ಕೆಮ್ಮಿದಳು. ಕಣ್ಣಲ್ಲಿ ನೀರು ಬಂತು. ಡ್ರೈವರ್ ಅರ್ಧ ಎದ್ದ. ಅವಳು ಕೈಯಾಡಿಸಿ ಅವನನ್ನು ಕೂರಿಸಿದಳು. ಕೆಮ್ಮು ನಿಂತಮೇಲೆ ಮೂರನೆಯ ಚಮಚವನ್ನು ತುಟಿಯವರೆಗೆ ತಂದು, ವಾಸನೆ ನೋಡಿ, ಕೆಳಗಿಟ್ಟಳು.

“ಸಾಕು.”

“ಇನ್ನೊಂಚೂರು ನೋಡೇ.”

“ಆಗಲ್ಲ. ಸಾಕು ಅಂದ್ನಲ್ಲ.” ಮಡಿಲಿನ ಬಟ್ಟೆಯನ್ನು ನೀಟಾಗಿ ಮಡಿಸಿ ಮೇಜಿನ ಮೇಲಿಟ್ಟಳು. “ಮನೆಗೆ ಹೋಗಿ ನಿಮ್ಗೇನಾದ್ರೂ ಬೇಯಿಸ್ಲಾ? ಹೊಟ್ಟೆ ತುಂಬಿರಲ್ಲ,” ಎಂದಳು.

“ತುಂಬ್ತು ಕಣೇ,” ಎಂದ ಡ್ರೈವರ್. “ದೇವರಾಣೆಗೂ ತುಂಬ್ತು.”

ಬಿಳಿಹುಬ್ಬಿನವನು ತಟ್ಟೆಗಳನ್ನು ತೆಗೆಯಲು ಗೋಡೆಯ ಬಳಿಯಿಂದ ಎರಡು ಹೆಜ್ಜೆ ಮುಂದೆ ಬಂದ. ಡ್ರೈವರಿನ ತಟ್ಟೆಯಲ್ಲಿ ಇನ್ನೂ ಒಂದು ಕ್ಯಾರೆಟ್ ತುಂಡು ಉಳಿದಿತ್ತು. ಅದಕ್ಕೆಂದು ಎತ್ತಿದ್ದ ಫೋರ್ಕು ಗಾಳಿಯಲ್ಲೇ ನಿಂತಿತು. ಬಿಳಿಹುಬ್ಬಿನವನು ಆ ತುಂಡನ್ನು ನೋಡಿದ, ಅವನ ಮುಖವನ್ನು ನೋಡಿದ, ಬಂದ ಹಾಗೇ ಹಿಂದೆ ಹೋಗಿ ಗೋಡೆಯ ಪಕ್ಕ ನಿಂತ.

“ತಿನ್ನಿ, ಆರಿಹೋಗುತ್ತೆ.”

“ತಿಂತೀನಿ ಇರು. ಏನವಸರ?”

ಪಕ್ಕದ ಮೇಜುಗಳು ಒಂದೊಂದಾಗಿ ಖಾಲಿಯಾದವು. ಬಿಸಿಲು ಬಟ್ಟೆಯ ಅಂಚಿಗೆ ಸರಿದು ನೆಲಕ್ಕಿಳಿಯಿತು. ಡ್ರೈವರ್ ಫೋರ್ಕನ್ನು ಕೆಳಗಿಡಲಿಲ್ಲ. ಕ್ಯಾರೆಟ್ಟಿನ ತುಂಡನ್ನು ಅಗಲ ತಟ್ಟೆಯ ಈ ಬದಿಯಿಂದ ಆ ಬದಿಗೆ ಮೆಲ್ಲಗೆ ದೂಡುತ್ತ ಕೂತ.